ಪೇಟೆಂಟ್ ಕಚೇರಿಯ ಸಾಹೇಬರಿಗೆ, ಉದ್ಯಮಬಾಗದ ಒಂದು ಲೇತ್ ಶೆಡ್ಡಿನಿಂದ

ಮಾನ್ಯ ಪೇಟೆಂಟ್ ಮಹಾನಿಯಂತ್ರಕರಿಗೆ, ಭಾರತ ಸರ್ಕಾರ

ಒಂದು ಪ್ರತಿ ಚೆನ್ನೈ ಪೇಟೆಂಟ್ ಕಚೇರಿಗೆ. ಇನ್ನೊಂದು ಪ್ರತಿ ಪುಣೆ, ಬೆಂಗಳೂರಲ್ಲಿ ಕೂತು ಕೋಡ್ ಬರೆಯುವ ನಮ್ಮೂರ ಹುಡುಗ ಹುಡುಗಿಯರಿಗೆ.

ಸನ್ಮಾನ್ಯರೆ,

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಟರ್ನರ್. ಎರಡು ಲೇತ್, ಒಂದು ಡ್ರಿಲ್, ಒಂದು ವೆಲ್ಡಿಂಗ್ ಸೆಟ್, ಮೂರು ಜನ ಕೆಲಸದವರು. ಸುತ್ತಲೂ ಫೌಂಡ್ರಿಗಳಿವೆ. ಅವರು ಎರಕ ಹೊಯ್ದು ಕಳಿಸುತ್ತಾರೆ, ನಾವು ಅದನ್ನು ಕಡೆದು, ಕೊರೆದು, ಅಳತೆಗೆ ತರುತ್ತೇವೆ. ಐಟಿಐ ಮುಗಿಸಿದ್ದೇನೆ, ಅದರಾಚೆ ಓದಿಲ್ಲ. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ನಿಯಮದಲ್ಲಿ ಈ ಭಾಷೆ ನಡೆಯೋದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ಸಂಗತಿ ಮುಂದೆ ಬರುತ್ತದೆ.

ಮೊದಲು ಯಂತ್ರದ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ತಿಳಿಯೋದಿಲ್ಲ.

ನಮ್ಮ ಕಡೆ ಕಬ್ಬು ಜಾಸ್ತಿ. ಗೋಕಾಕ, ಅಥಣಿ, ಆ ಕಡೆ ಮುಧೋಳ, ಜಮಖಂಡಿವರೆಗೂ ಕಬ್ಬೇ. ಹಳೆಯ ಪದ್ಧತಿಯಲ್ಲಿ ನೆಟ್ಟರೆ ಎಕರೆಗೆ ಎರಡೂವರೆ ಮೂರು ಟನ್ ಕಬ್ಬು ಬೀಜಕ್ಕೇ ಹೋಗುತ್ತದೆ. ಗೆಣ್ಣಿನಲ್ಲಿ ಮೊಳಕೆ ಬರುವ ಕಣ್ಣನ್ನು ಮಾತ್ರ ಕತ್ತರಿಸಿ ತೆಗೆದು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಸಸಿ ಮಾಡಿ ನೆಟ್ಟರೆ ಉಳಿದ ಕಬ್ಬನ್ನು ಗಾಣಕ್ಕೋ ಕಾರ್ಖಾನೆಗೋ ಕಳಿಸಬಹುದು. ಕಣ್ಣು ತೆಗೆಯುವ ಕೈಯಂತ್ರ ಪೇಟೆಯಲ್ಲಿ ಮೊದಲೇ ಇತ್ತು. ಆದರೆ ಅದರ ಹಿಡಿಕೆ ಒತ್ತಿ ಒತ್ತಿ ಸಂಜೆಗೆ ಹೆಣ್ಣುಮಕ್ಕಳ ರಟ್ಟೆ ಬಿದ್ದುಹೋಗುತ್ತಿತ್ತು. ಬೈಲಹೊಂಗಲ ಕಡೆಯ ನಮ್ಮ ಬೀಗರ ಹೊಲದಲ್ಲಿ ಒಂದು ಇಡೀ ದಿನ ಕೂತು ನೋಡಿದೆ. ವಾಪಸ್ ಬಂದು ಕಾಲಲ್ಲಿ ತುಳಿಯುವ ಹಾಗೆ ಒಂದು ಮಾಡಿದೆ. ಹೊಲಿಗೆ ಮಷಿನ್ ಥರ ಕೂತು ತುಳಿದರಾಯಿತು, ಎರಡೂ ಕೈ ಖಾಲಿ. ಬ್ಲೇಡಿಗೆ ಹಳೇ ಲಾರಿಯ ಕಮಾನ್ ಪಟ್ಟಿ. ಪೆಡಲ್ ಮೇಲೆತ್ತೋದಕ್ಕೆ ಗುಜರಿಯಿಂದ ತಂದ ಸ್ಕೂಟರ್ ಸ್ಟ್ಯಾಂಡಿನ ಸ್ಪ್ರಿಂಗು. ಮೊದಲನೇ ಬ್ಲೇಡ್ ಕಣ್ಣನ್ನೇ ಸೀಳಿತು. ಎರಡನೆಯದು ಕಬ್ಬನ್ನು ಜಜ್ಜಿತು. ನಾಲ್ಕನೆಯದಕ್ಕೆ ಸ್ವಲ್ಪ ಓರೆಯಾಗಿ ಸಾಣೆ ಹಿಡಿದಾಗ ಬೆಣ್ಣೆ ಕಡಿದ ಹಾಗೆ ಬಂತು.

ಇದರಲ್ಲಿ ನನ್ನದು ಅಂತ ಹೇಳುವುದಿದ್ದರೆ ಪೆಡಲ್ ಮತ್ತು ಆ ಓರೆ, ಅಷ್ಟೇ. ಉಳಿದದ್ದು ಕೊಲ್ಲಾಪುರದಲ್ಲಿ ಕೊಂಡ ಕೈಯಂತ್ರದಿಂದ ಬಂತು. ಸಾಣೆಯ ಓರೆ ಕೂಡ ನಾನು ಹುಡುಗನಿದ್ದಾಗ ಕೆಲಸ ಕಲಿಸಿದ ಮೇಸ್ತ್ರಿ ಚರ್ಮ ಕತ್ತರಿಸುವ ರಂಪಿಗೆ ಹಿಡಿಯುತ್ತಿದ್ದದ್ದು. 2016ರಿಂದ ಅದನ್ನು ಮಾಡಿ ಮಾರುತ್ತಿದ್ದೇನೆ. ಧಾರವಾಡದ ಕೃಷಿ ಮೇಳದಲ್ಲೂ ಇಟ್ಟಿದ್ದೆ. ಯಾರಾದರೂ ಬಂದು ಕೇಳಿದರೆ ಡ್ರಾಯಿಂಗ್ ಕೊಟ್ಟಿದ್ದೇನೆ. ಜಮಖಂಡಿಯ ಒಬ್ಬ ವೆಲ್ಡಿಂಗ್ ಅಂಗಡಿಯವನು ನನಗಿಂತ ಚೆನ್ನಾಗಿ ಮಾಡುತ್ತಾನೆ, ಪೆಡಲಿಗೆ ಬೇರಿಂಗ್ ಹಾಕಿದ್ದಾನೆ. ಆ ಬೇರಿಂಗನ್ನು ನಾನು ಅವನಿಂದ ಕಲಿತು ನನ್ನದಕ್ಕೂ ಹಾಕಿದೆ. ಇದು ನಮ್ಮ ಉದ್ಯಮಬಾಗದ ರೂಢಿ. ಪಕ್ಕದ ಶೆಡ್ಡಿಗೆ ಚಹಾ ಕುಡಿಯಲು ಹೋದವನು ಅಲ್ಲಿನ ಜಿಗ್, ಅಂದರೆ ಕೆಲಸದ ತುಂಡನ್ನು ಹಿಡಿದಿಡುವ ಸಾಧನ, ನೋಡಿಕೊಂಡು ಬರುತ್ತಾನೆ. ಅದನ್ನು ಕಳ್ಳತನ ಅಂತ ಯಾರೂ ಅಂದಿಲ್ಲ. ಗಿರಾಕಿಯನ್ನು ಎಳೆದುಕೊಂಡರೆ ಮಾತ್ರ ಜಗಳ.

2018ರ ಚಳಿಗಾಲದಲ್ಲಿ ನಮ್ಮ ಭಾಗದ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ನಾಲ್ಕು ಜನ ಕೊನೆ ವರ್ಷದ ವಿದ್ಯಾರ್ಥಿಗಳು ಬಂದರು. ಪ್ರಾಜೆಕ್ಟ್ ಅಂದರು. ಒಳ್ಳೆಯ ಮಕ್ಕಳು. ವಾರಕ್ಕೆ ಎರಡು ದಿನ ಬಂದು ಕೈ ಎಣ್ಣೆ ಮಾಡಿಕೊಂಡರು. ಒಬ್ಬ ಹುಡುಗಿ ಬ್ಲೇಡಿನ ಓರೆ ಎಷ್ಟು ಡಿಗ್ರಿ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು ಅಷ್ಟೇ. ಅವಳೇ ಅಳೆದು ಗೋಡೆ ಮೇಲೆ ಚಾಕ್‌ನಿಂದ ಬರೆದಳು, ಇನ್ನೂ ಇದೆ. ಅವರು ಅದಕ್ಕೆ ಒಂದು ಸಣ್ಣ ಕೌಂಟರ್ ಹಾಕಿದರು, ಎಷ್ಟು ಕಣ್ಣು ಕತ್ತರಿಸಿತು ಅಂತ ಮೊಬೈಲಿಗೆ ಲೆಕ್ಕ ಹೋಗುವ ಹಾಗೆ. ಕೂಲಿ ಲೆಕ್ಕಕ್ಕೆ ಉಪಯೋಗ ಆದೀತು ಅಂತ ನಾನೂ ಖುಷಿಪಟ್ಟೆ.

ಮರುವರ್ಷ ಅದೇ ಹುಡುಗಿ ಫೋನ್ ಮಾಡಿದಳು. ದನಿ ಸಣ್ಣಗಿತ್ತು. "ಕಾಕಾ, ಒಂದು ಫೋಟೋ ಕಳಿಸ್ತೀನಿ, ಸಿಟ್ಟಾಗಬ್ಯಾಡ್ರಿ." ಕಾಲೇಜಿನ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್. ಹಾರ ಹಾಕಿದ ಹಾಗೆ ಏಳು ಜನರ ಫೋಟೋ, 'ಪೇಟೆಂಟ್ ಪ್ರಕಟವಾದದ್ದಕ್ಕೆ ಅಭಿನಂದನೆಗಳು' ಅಂತ. ಕೆಳಗೆ ನನ್ನ ಯಂತ್ರ. ನನ್ನ ಶೆಡ್ಡಿನ ಹಸಿರು ಬಣ್ಣ ಕೂಡ ಹಾಗೇ ಇತ್ತು. ಏಳು ಜನರೂ ಅಧ್ಯಾಪಕರು. ಕೈ ಎಣ್ಣೆ ಮಾಡಿಕೊಂಡ ಆ ನಾಲ್ಕು ಮಕ್ಕಳಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಅವತ್ತಲ್ಲ. ಎರಡು ತಿಂಗಳು ಬಿಟ್ಟು ಜಮಖಂಡಿಯ ಅಂಗಡಿಯವನಿಗೆ ಯಾರೋ ಫೋನ್ ಮಾಡಿ, ಆ ಯಂತ್ರಕ್ಕೆ ನಮ್ಮ ಪೇಟೆಂಟ್ ಇದೆ, ಇನ್ಮೇಲೆ ಮಾಡಬೇಡಿ, ಮಾಡಿದರೆ ಕೇಸು ಅಂದರಂತೆ. ಅವನು ಹೆದರಿ ನಿಲ್ಲಿಸಿಬಿಟ್ಟ. ಆ ವರ್ಷ ಅವನ ಹತ್ತಿರ ಒಂಬತ್ತು ಯಂತ್ರಕ್ಕೆ ಮುಂಗಡ ಬಂದಿತ್ತು. ವಾಪಸ್ ಕೊಟ್ಟ. ಬೇರಿಂಗ್ ಹಾಕಿದ ಜಾಣನಿಗೆ ಈ ಗತಿ.

ಆಮೇಲೆ ನಾನು ಓದಲು ಕೂತೆ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ತಂಗಿಯ ಮಗ ಸಹಾಯ ಮಾಡಿದ. ನಿಮ್ಮ ಜಾಲತಾಣದಲ್ಲಿ ಅರ್ಜಿ ಹುಡುಕಿದೆವು. ಆಗ ಗೊತ್ತಾಯಿತು 'ಪ್ರಕಟವಾದ ಪೇಟೆಂಟ್' ಅಂದರೆ ಏನು ಅಂತ. ಅದು ಪೇಟೆಂಟೇ ಅಲ್ಲ, ಅರ್ಜಿ. ಅರ್ಜಿ ಹಾಕಿದ ಹದಿನೆಂಟು ತಿಂಗಳಿಗೆ ಅದು ತಾನಾಗಿ ಪ್ರಕಟವಾಗುತ್ತದೆ. ಬೇಗ ಬೇಕೆಂದರೆ ಇನ್ನೊಂದು ಫಾರ್ಮ್ ತುಂಬಿ ದುಡ್ಡು ಕಟ್ಟಿದರೆ ಒಂದು ತಿಂಗಳಲ್ಲೇ ಆಗುತ್ತದೆ. ಯಾರೂ ಅದನ್ನು ಪರೀಕ್ಷೆ ಮಾಡಿರುವುದಿಲ್ಲ. ಒಬ್ಬ ಸಾಮಾನ್ಯ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಬೇಗ ಪ್ರಕಟಿಸಲು 2,500 ರೂಪಾಯಿ. ಒಟ್ಟು 4,100 ರೂಪಾಯಿಗೆ ಫ್ಲೆಕ್ಸ್ ಹಾಕಿಸಿಕೊಳ್ಳಬಹುದು. ನಿಜವಾದ ಪರೀಕ್ಷೆ ಬೇಕೆಂದರೆ ಬೇರೆ ಕೋರಿಕೆ ಹಾಕಿ ಇನ್ನೂ 4,000 ಕಟ್ಟಬೇಕು. ಅದನ್ನು ಕಟ್ಟದೆ ಬಿಡುವುದರಲ್ಲೇ ಈ ಆಟದ ಗುಟ್ಟು ಇದೆ.

ನಿಮ್ಮ ಕಾಯ್ದೆಯ 25ನೇ ಸೆಕ್ಷನ್ ಚೆನ್ನಾಗಿದೆ, ಹೊಗಳಲೇಬೇಕು. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು, ಈ ವಸ್ತು ಮೊದಲೇ ಬಳಕೆಯಲ್ಲಿತ್ತು ಅಂತ ತೋರಿಸಬಹುದು. ನಾನು ನಾಲ್ಕು ಪುಟ ಬರೆದೆ. 2016ರ ಬಿಲ್ ಪುಸ್ತಕ, ಕೃಷಿ ಮೇಳದ ಫೋಟೋ, ಮೂವರು ರೈತರ ಸಹಿ, ಎಲ್ಲ ಜೋಡಿಸಿದೆ. ಕನ್ನಡದಲ್ಲಿ. ತಂಗಿಯ ಮಗ ನೋಡಿ ನಕ್ಕ. "ಮಾಮಾ, ಇದು ಹಿಂದಿ ಇಲ್ಲಾ ಇಂಗ್ಲಿಷ್‌ನಾಗೇ ಇರಬೇಕಂತ, ರೂಲ್ ಅದ." ನಾನು ನಂಬಲಿಲ್ಲ. ಕರ್ನಾಟಕದ ಅರ್ಜಿಗಳೆಲ್ಲ ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿ ಕನ್ನಡ ನಡೆಯೋದಿಲ್ಲ, ತಮಿಳೂ ನಡೆಯೋದಿಲ್ಲ. ಬೆಳಗಾವಿಯ ಶೆಡ್ಡಿನಲ್ಲಿ ಹುಟ್ಟಿದ ಯಂತ್ರದ ಬಗ್ಗೆ ಬೆಳಗಾವಿಯವನು ಚೆನ್ನೈಗೆ ಇಂಗ್ಲಿಷ್‌ನಲ್ಲಿ ಹೇಳಬೇಕು. ಸರಿ, ಅವನೇ ರಾತ್ರಿ ಕೂತು ಇಂಗ್ಲಿಷ್ ಮಾಡಿದ. 'ಸಾಣೆ ಹಿಡಿದ ಓರೆ'ಗೆ ಅವನು ಹಾಕಿದ ಇಂಗ್ಲಿಷ್ ಪದ ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

2020ರ ಕೊನೆಗೆ ಕಳಿಸಿದೆವು. ಉತ್ತರ ಬರಲಿಲ್ಲ. ಕೊರೊನಾ ಅಂದುಕೊಂಡು ಸುಮ್ನೆ ಇದ್ದೆ. 2021 ಹೋಯಿತು, 2022 ಹೋಯಿತು. ಮತ್ತೆ ನಿಯಮ ಓದಿಸಿದೆ. ಅರ್ಜಿದಾರರು ಪರೀಕ್ಷೆಗೆ ಕೋರಿಕೆ ಹಾಕಿದ ಮೇಲೆಯೇ ನಮ್ಮ ಆಕ್ಷೇಪಣೆಯನ್ನು ಪರಿಗಣಿಸುತ್ತಾರಂತೆ. ಅವರು ಕೋರಿಕೆ ಹಾಕಿರಲಿಲ್ಲ. ಹಾಕುವ ಉದ್ದೇಶವೂ ಇರಲಿಲ್ಲ, ಅಲ್ವಾ? ಆಗಿನ ನಿಯಮದಲ್ಲಿ ಅದಕ್ಕೆ 48 ತಿಂಗಳ ಗಡುವು. ಗಡುವು ಮುಗಿದು 2023ರಲ್ಲಿ ಆ ಅರ್ಜಿ ಹಿಂತೆಗೆದುಕೊಂಡಂತೆ ಅಂತ ಆಯಿತು. ಅಂದರೆ ನಾನು ಗೆಲ್ಲಲಿಲ್ಲ, ಅವರು ಸೋಲಲಿಲ್ಲ. ನನ್ನ ನಾಲ್ಕು ಪುಟವನ್ನು ಪರಿಗಣಿಸುವ ಪ್ರಸಂಗವೇ ಬರಲಿಲ್ಲ. ಯಂತ್ರ ಯಾರದ್ದು, ಮೊದಲೇ ಇತ್ತಾ ಇಲ್ವಾ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಕಾಲೇಜಿನ ಪಟ್ಟಿಯಲ್ಲಿ ಮಾತ್ರ ಅದು ಇವತ್ತಿಗೂ 'ಪೇಟೆಂಟ್'. ಜಮಖಂಡಿಯವನು ಆ ನಾಲ್ಕು ವರ್ಷ ಗೇಟು, ಗ್ರಿಲ್ಲು ಮಾಡಿಕೊಂಡಿದ್ದ.

ವಕೀಲರೊಬ್ಬರು ಹೇಳಿದರು, ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಆಧಾರ ಇಲ್ಲದೆ ಬೆದರಿಸಿದವರ ಮೇಲೆ ನೀವೇ ಕೋರ್ಟಿಗೆ ಹೋಗಬಹುದಿತ್ತು ಅಂತ. ಹೋಗಬಹುದಿತ್ತು. ಒಂಬತ್ತು ಯಂತ್ರದ ಲಾಭ ವಕೀಲರ ಮೊದಲ ಎರಡು ತಾರೀಖಿಗೂ ಸಾಲೋದಿಲ್ಲ.

ಆ ಅಧ್ಯಾಪಕರನ್ನು ಮಾತ್ರ ಬೈದರೆ ಪ್ರಯೋಜನ ಇಲ್ಲ. ಅವರಲ್ಲಿ ಒಬ್ಬರು ಆಮೇಲೆ ನನ್ನ ಹತ್ತಿರ ಬಂದು ಕೂತು, ವರ್ಷಕ್ಕೆ ಇಷ್ಟು ಪೇಟೆಂಟ್ ತೋರಿಸಬೇಕು, ಇಲ್ಲದಿದ್ದರೆ ಬಡ್ತಿ ಅರ್ಜಿ ಮೇಲೆ ಹೋಗೋದಿಲ್ಲ ಅಂತ ತಲೆ ತಗ್ಗಿಸಿ ಹೇಳಿದರು. ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕದಲ್ಲಿ, ಎನ್‌ಐಆರ್‌ಎಫ್ ಅನ್ನುತ್ತಾರಲ್ಲ, ಅದರಲ್ಲಿ ಮಂಜೂರಾದ ಪೇಟೆಂಟಿಗೂ ಅಂಕ, ಬರೀ ಪ್ರಕಟವಾದದ್ದಕ್ಕೂ ಅಂಕ. ಬರೀ ಅರ್ಜಿಗೆ ಅಂಕ ಕೊಟ್ಟರೆ ಜನ ಅರ್ಜಿಯನ್ನೇ ಬೆಳೆಯುತ್ತಾರೆ. 2021ರಲ್ಲಿ ನೀವು ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ 80% ಕಡಿತ ಕೊಟ್ಟಿರಿ. ಉದ್ದೇಶ ಒಳ್ಳೆಯದೇ ಇತ್ತು. ಈಗ ಕಾಲೇಜು ಕೂಡ 1,600ಕ್ಕೆ ಅರ್ಜಿ ಹಾಕಬಹುದು.

ಸರ್ಕಾರವೂ ಎಣಿಕೆಯಲ್ಲೇ ಖುಷಿಯಾಗಿದೆ. 2014-15ರಲ್ಲಿ ದೇಶದಲ್ಲಿ ಮಂಜೂರಾದ ಪೇಟೆಂಟ್ 5,978, 2023-24ರಲ್ಲಿ 1 ಲಕ್ಷ ದಾಟಿತು. ಪೆಂಡಿಂಗ್ ಕಡತ ಬೇಗ ಮುಗಿಸಿದಿರಿ, ಅದಕ್ಕೆ ನಮಸ್ಕಾರ. ಆದರೆ ಇದರಲ್ಲಿ ಎಷ್ಟು ವಸ್ತುವಾಗಿ ಪೇಟೆಗೆ ಬಂದವು? ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಬಳಕೆಗೆ ತಂದಿದ್ದಾರಾ ಅಂತ ಫಾರ್ಮ್ 27ರಲ್ಲಿ ಹೇಳಬೇಕು. ಮೊದಲು ಪ್ರತಿವರ್ಷ ಹೇಳಬೇಕಿತ್ತು, 2024ರ ತಿದ್ದುಪಡಿಯಲ್ಲಿ ಮೂರು ವರ್ಷಕ್ಕೊಮ್ಮೆ ಮಾಡಿದಿರಿ. ಹಿಂದೆ 1959ರಲ್ಲಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ವರದಿ ಕೊಟ್ಟಾಗ ಅವರ ದೊಡ್ಡ ತಕರಾರು ಇದೇ ಆಗಿತ್ತು. ಪೇಟೆಂಟ್ ಬಹುಪಾಲು ವಿದೇಶಿಯರ ಕೈಯಲ್ಲಿವೆ, ಅದರಲ್ಲಿ ಹೆಚ್ಚಿನವು ಇಲ್ಲಿ ಬಳಕೆಗೇ ಬಂದಿಲ್ಲ ಅಂತ. ಅದರ ಮೇಲೆಯೇ 1970ರ ಕಾಯ್ದೆ ನಿಂತದ್ದು. ಈಗ ವಿದೇಶಿಯರ ಜೊತೆಗೆ ನಮ್ಮ ಮೇಷ್ಟ್ರುಗಳೂ ಬೀರುವಿನಲ್ಲಿ ಪೇಟೆಂಟ್ ಇಟ್ಟುಕೊಂಡಿದ್ದಾರೆ ಅನ್ನೋದಷ್ಟೇ ವ್ಯತ್ಯಾಸ.

ಇನ್ನು ಕಂಪ್ಯೂಟರ್ ಮಕ್ಕಳ ಮಾತಿಗೆ ಬರುತ್ತೇನೆ. ಸಾಹೇಬರೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಈ ಜಗಳ ನಮ್ಮ ಮನೆಯದು.

ನನ್ನ ತಂಗಿಯ ಮಗ ತನ್ನನ್ನು ಗೀಕ್, ಅಂದರೆ ಕಂಪ್ಯೂಟರ್ ಹುಚ್ಚಿನವನು, ಅಂತ ಕರೆದುಕೊಳ್ಳುತ್ತಾನೆ. ಗಡ್ಡ, ಕಪ್ಪು ಟೀಶರ್ಟು, ಲ್ಯಾಪ್‌ಟಾಪ್ ತುಂಬ ಸ್ಟಿಕ್ಕರು. ಅವನ ಪ್ರಕಾರ ಪೇಟೆಂಟ್ ಪದ್ಧತಿಯನ್ನೇ ಸುಟ್ಟುಹಾಕಬೇಕು. ಎಲ್ಲ ಓಪನ್ ಸೋರ್ಸ್ ಆಗಬೇಕು, ಅಂದರೆ ಯಾರು ಬೇಕಾದರೂ ನೋಡಿ, ಬಳಸಿ, ತಿದ್ದುವ ಹಾಗೆ ಇರಬೇಕು. ಪಂಚಮಿಗೆ ಊರಿಗೆ ಬಂದರೆ ಉಂಡಿ ತಿನ್ನುತ್ತಾ ಇದೇ ಭಾಷಣ. ಅವನು ಹೇಳಿದ ಕಥೆಗಳಲ್ಲಿ ಕೆಲವು ಮನಸ್ಸಿನಲ್ಲಿ ಕೂತಿವೆ. ಅಮೆಜಾನ್‌ನವರು 1999ರಲ್ಲಿ ಅಮೆರಿಕದಲ್ಲಿ ಒಂದೇ ಕ್ಲಿಕ್‌ನಲ್ಲಿ ಸಾಮಾನು ಕೊಳ್ಳುವುದಕ್ಕೆ ಪೇಟೆಂಟ್ ಪಡೆದು, ಮರುತಿಂಗಳೇ ಇನ್ನೊಂದು ಪುಸ್ತಕದ ಕಂಪನಿ ಮೇಲೆ ಕೇಸ್ ಹಾಕಿದರಂತೆ. ಅದು 2017ರವರೆಗೆ ನಡೆಯಿತು. ಒಂದು ಸಲ ಗುಂಡಿ ಒತ್ತುವುದಕ್ಕೆ! ನನ್ನ ಪೆಡಲ್ ಕೂಡ ಒಂದೇ ತುಳಿತದ್ದು, ಹಾಗಾದರೆ ನಾನೂ ಅಂಬಾನಿ ಆಗಬೇಕಿತ್ತು.

ನಮ್ಮ ದೇಶದಲ್ಲಿ ಆ ಥರ ಆಗದಿರಲು ಕಾರಣ ಕಾಯ್ದೆಯ 3(ಕೆ). ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಗಣಿತಕ್ಕೆ, ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಇಲ್ಲ ಅಂತ ಅದು ಹೇಳುತ್ತದೆ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆ ತಂದು ಅದನ್ನು ಸಡಿಲಿಸಲು ಹೋದರು, 2005ರಲ್ಲಿ ಸಂಸತ್ತು ಆ ಭಾಗವನ್ನು ಕೈಬಿಟ್ಟಿತು. 2015ರ ಆಗಸ್ಟ್‌ನಲ್ಲಿ ನಿಮ್ಮ ಕಚೇರಿಯೇ ಮಾರ್ಗಸೂಚಿ ತಂದು ಮತ್ತೆ ಬಾಗಿಲು ತೆರೆಯಿತು. ಆಗ ಈ ಗೀಕ್ ಮಂದಿ, ಸಣ್ಣ ಕಂಪನಿಗಳವರು ಕಾಗದದ ಮೇಲೆ ಕಾಗದ ಬರೆದರು. ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿದಿರಿ. ಆಮೇಲೂ ಆ ಬಾಗಿಲು ಅರ್ಧ ತೆರೆಯುವುದು, ಅರ್ಧ ಮುಚ್ಚುವುದು ನಡೆದೇ ಇದೆ. 2021ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೊಂದು 3(ಕೆ)ಯನ್ನು ಮರುಪರಿಶೀಲಿಸಿ ಅಂತ ಹೇಳಿತು. ದಯವಿಟ್ಟು ಅದನ್ನು ಮುಟ್ಟಬೇಡಿ. ಈಗ ನನ್ನ ಲೇತ್‌ನಲ್ಲೂ ಕಂಪ್ಯೂಟರ್ ಬರುವ ಕಾಲ. ಪ್ರೋಗ್ರಾಂಗೆ ಪೇಟೆಂಟ್ ಬಂದರೆ ಅದರ ಬಿಲ್ ಕೊನೆಗೆ ಉದ್ಯಮಬಾಗಕ್ಕೇ ಬರುತ್ತದೆ.

ಇಲ್ಲಿಯವರೆಗೆ ನಾನೂ ಹುಡುಗನೂ ಒಂದೇ ಕಡೆ. ಜಗಳ ಶುರುವಾಗುವುದು ಮುಂದೆ.

ಮಕ್ಕಳೇ, ನಿಮಗೇ ಹೇಳುತ್ತಿದ್ದೇನೆ. ಹಂಚಿಕೊಂಡು ಕೆಲಸ ಮಾಡುವುದನ್ನು ನೀವೇ ಕಂಡುಹಿಡಿದ ಹಾಗೆ ಮಾತಾಡುತ್ತೀರಿ. ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನೋ ಕಡೆ ತಾಮ್ರ, ತವರದ ಗಣಿಗಳಿದ್ದವು. ಗಣಿಯ ನೀರೆತ್ತಲು ಉಗಿಯಂತ್ರ ಬೇಕು, ಕಲ್ಲಿದ್ದಲು ಅಲ್ಲಿ ಸಿಗೋದಿಲ್ಲ, ಹಡಗಲ್ಲಿ ತರಿಸಬೇಕು. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ, 1775ರಲ್ಲಿ ಪಾರ್ಲಿಮೆಂಟ್ ಅದನ್ನು 1800ರವರೆಗೆ ವಿಸ್ತರಿಸಿತು. ಅಷ್ಟು ವರ್ಷ ಗಣಿಯವರು ಅವನಿಗೆ ಕಪ್ಪ ಕಟ್ಟಿದರು, ಬೇರೆಯವರು ಸುಧಾರಿಸಲು ಹೋದರೆ ಕೋರ್ಟು. ಅವಧಿ ಮುಗಿದ ಮೇಲೆ, 1811ರಿಂದ, ಅಲ್ಲಿನ ಗಣಿ ನೋಡಿಕೊಳ್ಳುವವರು ತಿಂಗಳಿಗೊಂದು ಪತ್ರಿಕೆ ಹೊರಡಿಸಿದರು. ಯಾವ ಗಣಿಯ ಯಂತ್ರ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು, ಹೇಗೆ ಮಾಡಿದ್ದಾರೆ, ಎಲ್ಲ ಬಹಿರಂಗ. ಎಂಜಿನಿಯರುಗಳು ಒಬ್ಬರದ್ದು ನೋಡಿ ಒಬ್ಬರು ತಿದ್ದಿಕೊಂಡರು. ರಿಚರ್ಡ್ ಟ್ರೆವಿಥಿಕ್ ತನ್ನ ಕಾರ್ನಿಷ್ ಎಂಜಿನ್‌ಗೆ ಪೇಟೆಂಟ್ ಹಾಕಲೇ ಇಲ್ಲ. ಮುಂದಿನ ಕೆಲವು ದಶಕಗಳಲ್ಲಿ ಅದೇ ನೀರಿಗೆ ಬೇಕಾಗುವ ಕಲ್ಲಿದ್ದಲು ಎಷ್ಟೋ ಪಟ್ಟು ಇಳಿಯಿತು. ಇದು ಕಂಪ್ಯೂಟರ್ ಹುಟ್ಟುವುದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು. ಎಣ್ಣೆ ಕೈಯವರು ಮಾಡಿದ್ದು.

ಅಷ್ಟು ದೂರ ಯಾಕೆ? ಈ ಪತ್ರವನ್ನು ನಾನು ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಿದ್ದೇನೆ. ಇಂಗ್ಲಿಷ್ ಕೀಲಿಮಣೆಯ 26 ಗುಂಡಿಯಲ್ಲೇ ಇಡೀ ಕನ್ನಡ ಮೂಡಿಸುವ ಜೋಡಣೆ ಅದು. ಅವರು ಅದನ್ನು ಬೀಗ ಹಾಕಿ ಇಡಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿಕೊಂಡಿತು.

ನಿಮ್ಮ ಮೇಲೆ ನನ್ನ ತಕರಾರು ಇಷ್ಟೇ. ನಿಮ್ಮ ಬಾಯಲ್ಲಿ 'ಟೆಕ್ನಾಲಜಿ' ಅಂದರೆ ಪರದೆ ಮೇಲೆ ಕಾಣುವುದು ಮಾತ್ರ. ಒಂದು ಕಾಲೇಜಿನ ಹ್ಯಾಕಥಾನ್‌ಗೆ, ಅಂದರೆ ಮಕ್ಕಳು ತಂಡ ಕಟ್ಟಿಕೊಂಡು ಹಗಲು ರಾತ್ರಿ ಕೂತು ಹೊಸದೇನಾದರೂ ಮಾಡುವ ಸ್ಪರ್ಧೆಗೆ, ಸ್ಟ್ಯಾಂಡ್ ವೆಲ್ಡಿಂಗ್ ಮಾಡಲು ನನ್ನನ್ನು ಕರೆದಿದ್ದರು. ರಾತ್ರಿ ಪೂರ್ತಿ ಅಲ್ಲೇ ಇದ್ದೆ. ಮೂರು ಗಂಟೆ ರಾತ್ರಿಯಲ್ಲಿ ಒಬ್ಬನ ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಎದುರಾಳಿ ತಂಡದವನೇ ತನ್ನ ಬೋರ್ಡ್ ಕೊಟ್ಟ. ನನಗೆ ನಮ್ಮ ಉದ್ಯಮಬಾಗವೇ ನೆನಪಾಯಿತು, ಕಣ್ಣು ತುಂಬಿತು. ಆದರೆ ನಾನು ಒಂದು ಸೆನ್ಸರ್ ಬಗ್ಗೆ ಕೇಳಿದರೆ ಒಬ್ಬ ಹುಡುಗ ತಲೆ ಎತ್ತದೆ, "ಅಂಕಲ್, ಮೊದಲು ಡಾಕ್ಯುಮೆಂಟೇಶನ್ ಓದ್ಕೊಳಿ" ಅಂದ. ಅವನ ಸ್ಟ್ಯಾಂಡ್ ಅಲ್ಲಾಡುತ್ತಿತ್ತು. ನಾನು ಅವನಿಗೆ ಮೊದಲು ವೆಲ್ಡಿಂಗ್ ಪುಸ್ತಕ ಓದು ಅನ್ನಲಿಲ್ಲ, ಸುಮ್ನೆ ಎರಡು ಟ್ಯಾಕ್ ಹೊಡೆದುಕೊಟ್ಟೆ. ಜ್ಞಾನ ಎಲ್ಲರದ್ದು ಅನ್ನುತ್ತೀರಿ, ಆದರೆ ನಿಮ್ಮ ಪರಿಭಾಷೆ ಗೊತ್ತಿದ್ದವರಿಗೆ ಮಾತ್ರ ಬಾಗಿಲು. ಅದೂ ಇಂಗ್ಲಿಷ್ ಬಂದರೆ. ಪೇಟೆಂಟ್ ಕಚೇರಿಯೂ ಅಷ್ಟೇ, ನೀವೂ ಅಷ್ಟೇ.

ಬೆಳಿಗ್ಗೆ ಬಹುಮಾನ ಕೊಟ್ಟರು. ಮೊದಲ ಬಹುಮಾನ ಏನು ಗೊತ್ತಾ? ಉಚಿತವಾಗಿ ಪೇಟೆಂಟ್ ಅರ್ಜಿ ಹಾಕಿಸಿಕೊಡುವ ಕೂಪನ್! ರಾತ್ರಿಯೆಲ್ಲ ಬೋರ್ಡ್ ಹಂಚಿಕೊಂಡ ಮಕ್ಕಳು ಚಪ್ಪಾಳೆ ತಟ್ಟಿದರು. ಓಪನ್ ಸೋರ್ಸ್ ಸ್ಟಿಕ್ಕರ್ ಅಂಟಿಸಿಕೊಂಡವರೂ ತಟ್ಟಿದರು.

ಇನ್ನೊಂದು ಮಾತು. ಪೇಟೆಂಟ್ ಪೂರ್ತಿ ಬೇಡ ಅನ್ನುವುದನ್ನು ನಾನು ಒಪ್ಪೋದಿಲ್ಲ. ನನ್ನ ಪಕ್ಕದ ಶೆಡ್ಡಿನವರು ಹೈಡ್ರಾಲಿಕ್ ವಾಲ್ವ್‌ನ ಸೋರಿಕೆ ನಿಲ್ಲಿಸಲು ಮೂರು ವರ್ಷ ಒದ್ದಾಡಿ ಒಂದು ದಾರಿ ಕಂಡುಕೊಂಡರು. ಸ್ಯಾಂಪಲ್ ತಗೊಂಡು ಹೋದ ದೊಡ್ಡ ಕಂಪನಿ ಆರ್ಡರ್ ಕೊಡಲಿಲ್ಲ, ಆರು ತಿಂಗಳಿಗೆ ಅದೇ ವಾಲ್ವನ್ನು ತಾನೇ ಮಾಡಿತು. ಸಂಬಳ ತಿಂಗಳಿಗೆ ಬ್ಯಾಂಕಿಗೆ ಬೀಳುವವರಿಗೆ ಹಂಚುವುದು ಸುಲಭ. ಇವರಿಗೆ ಯಾರು ಕೊಡುತ್ತಾರೆ? ಜರ್ಮನಿಯಲ್ಲಿ 1891ರಿಂದಲೇ ಸಣ್ಣ ಸುಧಾರಣೆಗಳಿಗೆ ಕಡಿಮೆ ಅವಧಿಯ ಕಿರು ಪೇಟೆಂಟ್ ಇದೆ. ನಮ್ಮ ಸರ್ಕಾರವೂ 2011ರಲ್ಲಿ ಅದರ ಬಗ್ಗೆ ಚರ್ಚಾಪತ್ರ ತಂದು ಬಿಟ್ಟುಬಿಟ್ಟಿತು. ನನಗೆ ಅದರಲ್ಲಿ ಅರ್ಧ ಆಸೆ, ಅರ್ಧ ಭಯ. ಪರೀಕ್ಷೆ ಇಲ್ಲದೆ ಕೊಟ್ಟರೆ ನಾಳೆಯೇ ಎಲ್ಲ ಕಾಲೇಜಿನಿಂದ ಲಾರಿಗಟ್ಟಲೆ ಬರುತ್ತವೆ. ಇದನ್ನು ನಮ್ಮಂಥವರನ್ನೂ ಕೂರಿಸಿಕೊಂಡು ಚರ್ಚೆ ಮಾಡಿ, ಅಷ್ಟೇ ಹೇಳಬಲ್ಲೆ.

ಈಗ ನನ್ನ ಬೇಡಿಕೆಗಳು, ಸಾಹೇಬರೆ.

ಪ್ರಕಟವಾದ ಪ್ರತಿ ಅರ್ಜಿಯ ಮೇಲೆ ದಪ್ಪ ಅಕ್ಷರದಲ್ಲಿ 'ಇದು ಅರ್ಜಿ ಮಾತ್ರ, ಪರೀಕ್ಷೆ ಆಗಿಲ್ಲ, ಇದರಿಂದ ಯಾರನ್ನೂ ತಡೆಯುವಂತಿಲ್ಲ' ಅಂತ ಹಾಕಿಸಿ. ಜಮಖಂಡಿಯವನಿಗೆ ಆ ಒಂದು ಸಾಲು ಸಾಕಿತ್ತು. ಶ್ರೇಯಾಂಕದಲ್ಲಿ ಪ್ರಕಟಣೆಗೆ ಅಂಕ ಕೊಡುವುದನ್ನು ನಿಲ್ಲಿಸಿ ಅಂತ ಶಿಕ್ಷಣ ಸಚಿವಾಲಯಕ್ಕೆ ನೀವೇ ಬರೆಯಿರಿ. ನೀವು ಹೇಳಿದರೆ ಕೇಳುತ್ತಾರೆ, ನಾನು ಹೇಳಿದರೆ ಕೇಳೋದಿಲ್ಲ.

ಆಕ್ಷೇಪಣೆಯನ್ನಾದರೂ ಕನ್ನಡದಲ್ಲಿ ತೆಗೆದುಕೊಳ್ಳಿ. ತಮಿಳು, ತೆಲುಗು, ಮರಾಠಿ, ಎಲ್ಲದರಲ್ಲೂ ತೆಗೆದುಕೊಳ್ಳಿ. ಅನುವಾದ ನಿಮ್ಮ ಕಚೇರಿಯ ಕೆಲಸ ಆಗಲಿ. ನಾನು ಹಾಕಿದಾಗ ಆಕ್ಷೇಪಣೆಗೆ ಶುಲ್ಕ ಇರಲಿಲ್ಲ, 2024ರಿಂದ ಅದಕ್ಕೂ ಶುಲ್ಕ ಇಟ್ಟಿದ್ದೀರಿ. ದೊಡ್ಡ ಕಂಪನಿಗಳು ಸುಮ್ಮಸುಮ್ಮನೆ ಆಕ್ಷೇಪಣೆ ಹಾಕಿ ಎಳೆಯುತ್ತವೆ ಅನ್ನುವುದು ನಿಮ್ಮ ಕಷ್ಟ ಇರಬಹುದು. ಹಾಗಾದರೆ ಅವರಿಂದ ತೆಗೆದುಕೊಳ್ಳಿ. ತಪ್ಪು ತೋರಿಸಲು ಬಂದ ಬಡಗಿ, ಕಮ್ಮಾರ, ರೈತನಿಂದ ಬೇಡ. ಅರ್ಜಿದಾರರು ಪರೀಕ್ಷೆ ಕೇಳದೆ ಬಿಟ್ಟರೂ, ಬಂದ ಆಕ್ಷೇಪಣೆಯನ್ನು ಆ ಅರ್ಜಿಯ ಜೊತೆಯಲ್ಲೇ ಎಲ್ಲರಿಗೂ ಕಾಣುವ ಹಾಗೆ ಇಡಿ.

ಕೊನೆಯದು ನನಗೆ ಬಹಳ ಬೇಕಾದದ್ದು. ಅರಿಶಿನ ಗಾಯ ಮಾಯಿಸುತ್ತದೆ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನವರು ಹಳೇ ಗ್ರಂಥ ತೋರಿಸಿ 1997ರಲ್ಲಿ ರದ್ದು ಮಾಡಿಸಿದರು. ಆಮೇಲೆ 2001ರಲ್ಲಿ ಪಾರಂಪರಿಕ ಜ್ಞಾನಕ್ಕೆ ಒಂದು ಡಿಜಿಟಲ್ ಭಂಡಾರವೇ ಶುರುವಾಯಿತು. ಅಜ್ಜಿಯ ಅರಿಶಿನಕ್ಕೆ ಗ್ರಂಥದ ಸಾಕ್ಷಿ ಇತ್ತು. ಶೆಡ್ಡಿನ ಪೆಡಲಿಗೆ ಯಾವ ಗ್ರಂಥ ಇದೆ? ನಮ್ಮದು ಪರಂಪರೆಯೂ ಅಲ್ಲ, ಪೇಟೆಂಟೂ ಅಲ್ಲ, ನಿನ್ನೆ ಮೊನ್ನೆ ಮಾಡಿದ್ದು, ನಾಳೆ ಇನ್ನೊಬ್ಬರು ತಿದ್ದುವಂಥದ್ದು. ಅದಕ್ಕೆ ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಂದು ದಾಖಲೆ ಪುಸ್ತಕ ಇಡಿಸಿ. ಯಾರು ಬೇಕಾದರೂ ಬಂದು ಫೋಟೋ, ಅಳತೆ, ತಾರೀಖು ಕೊಟ್ಟು ಹೋಗಲಿ. ಹಕ್ಕು ಬೇಡ, 'ಇಂಥ ದಿನ ಇದು ಇತ್ತು' ಅನ್ನುವ ಗುರುತು ಸಾಕು. ನಿಮ್ಮ ಪರೀಕ್ಷಕರು ಪೇಟೆಂಟ್ ಕೊಡುವ ಮೊದಲು ಅದನ್ನೂ ಹುಡುಕಲಿ. ಅದನ್ನು ಕಂಪ್ಯೂಟರ್‌ಗೆ ಹಾಕುವ ಕೆಲಸ ನಮ್ಮ ಗೀಕ್ ಮಕ್ಕಳು ಮಾಡಲಿ, ಎರಡು ಶನಿವಾರದ ಕೆಲಸ. ತಂಗಿಯ ಮಗನಿಗೆ ಹೇಳಿದ್ದೇನೆ. "ನೋಡೋಣ ಮಾಮಾ" ಅಂದಿದ್ದಾನೆ. ಓರೆ ಅಳೆದ ಆ ಹುಡುಗಿ ಮಾತ್ರ ಈಗಾಗಲೇ ಹನ್ನೊಂದು ಶೆಡ್ಡಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದಿದ್ದಾಳೆ. ಅವಳು ಈಗ ಇಲ್ಲೇ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ, ಬೆಂಗಳೂರಿಗೆ ಹೋಗಲಿಲ್ಲ.

ಜಮಖಂಡಿಯವನು ಕಳೆದ ವರ್ಷದಿಂದ ಮತ್ತೆ ಯಂತ್ರ ಮಾಡುತ್ತಿದ್ದಾನೆ. ಈಗ ಪೆಡಲ್ ಕೂಡ ಬಿಟ್ಟು ಸಣ್ಣ ಮೋಟರ್ ಹಾಕಿದ್ದಾನೆ. ಮೋಟರ್ ಕೂರಿಸುವ ಬ್ರ್ಯಾಕೆಟ್ ನನ್ನ ಕಡೆಯಿಂದ ಮಾಡಿಸಿಕೊಂಡ. ನಾನು ಅದನ್ನು ನೋಡಿ ನನ್ನದಕ್ಕೂ ಹಾಕುವವನಿದ್ದೇನೆ, ಅವನಿಗೆ ಹೇಳಿಯೂ ಆಗಿದೆ.

ಈ ಪತ್ರದ ಜೊತೆ 2020ರಲ್ಲಿ ಬರೆದ ಆ ನಾಲ್ಕು ಪುಟ ಕನ್ನಡ ಆಕ್ಷೇಪಣೆಯನ್ನೂ ಲಗತ್ತಿಸಿದ್ದೇನೆ. ಚೆನ್ನೈ ಕಚೇರಿಯಲ್ಲಿ ಕನ್ನಡ ಓದಬಲ್ಲ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕೈಗೆ ಕೊಡಿ. ಎರಡನೇ ಪುಟದಲ್ಲಿ ಬ್ಲೇಡಿನ ಚಿತ್ರ ಇದೆ, ಓರೆ ಎಷ್ಟು ಡಿಗ್ರಿ ಅಂತ ಆ ಹುಡುಗಿಯ ಅಕ್ಷರದಲ್ಲೇ ಬರೆದಿದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಟರ್ನರ್
ಉದ್ಯಮಬಾಗ, ಬೆಳಗಾವಿ